ರೀ ಹಚ್ಚಿ ಮಾತಾಡಿದ ದೆವ್ವ

ದೆವ್ವ ಭೂತಗಳನ್ನು ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ ಅಂತ ಹೇಳಲೂ ಬಾಯಿ ಬರುವುದಿಲ್ಲ. ಮಡಕಶಿರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಾನು ನಿಂತರೆ ಎದುರಿನವರು ಅರ್ಧ ಸೋತಂತೆಯೇ. ದೆವ್ವದ ಸಿನಿಮಾ ನೋಡುವಾಗ ಪಕ್ಕದವರು ಕಣ್ಣು ಮುಚ್ಚಿಕೊಂಡರೆ ನಾನು ನಗುತ್ತಿದ್ದೆ. ಆ ಸಿನಿಮಾಗಳಲ್ಲಿ ಮೊದಲು ಒಬ್ಬ ಹೆಂಗಸು ಕಿರುಚುತ್ತಾಳೆ. ಮನೆಯವರೆಲ್ಲ ಓಡಿ ಬಂದು, ದೀಪ ಹಾಕಿ, ಏನೂ ಇಲ್ಲವಲ್ಲ ಅನ್ನುತ್ತಾರೆ. ಈಗ ನನಗೆ ನಗು ಬರುವುದಿಲ್ಲ. ನಾನೂ ಒಮ್ಮೆ ಹಾಗೆ ದೀಪ ಹಾಕಿದವಳೇ.

ಅಗಳಿಯಲ್ಲಿ ನನ್ನ ದೊಡ್ಡಮ್ಮನ ಮನೆ. ಅವರ ಮಗಳು ಮಣಿಯಕ್ಕನನ್ನು ರಾಯದುರ್ಗಕ್ಕೆ ಕೊಟ್ಟಿದ್ದರು. ಗಂಡ ಹೆಂಡತಿ ಇಬ್ಬರೂ ಅಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದರು. ಅಲ್ಲಿಯ ಮಾತು ಬಳ್ಳಾರಿ ಕಡೆಯದು, ಮಾತಿಗೊಂದು 'ರಿ'. ಭಾವನಂತೂ ಕುರಿಮರಿಗೂ 'ಬರ್ರಿ' ಅನ್ನುವಂಥ ಮರ್ಯಾದಸ್ಥ ಎಂದು ನಮ್ಮವರಿಗೆಲ್ಲ ಹೆಮ್ಮೆ. ಹಾಗಾಗಿ ಅಕ್ಕ ಊರಿಗೆ ಬಂದು, ಹೊಡೀತಾನೆ, ಸಾಯಿಸಿಬಿಡ್ತಾನೆ ಎಂದಾಗ ಯಾರೂ ನಂಬಲಿಲ್ಲ. "ಅಂಥ ಮೆತ್ತನೆ ಮಾತಿನೋನು ಹೊಡೀತಾನೇನೇ?" ಅಂದರು ದೊಡ್ಡಮ್ಮ.

ಕೆಲವು ದಿನಗಳಾದ ಮೇಲೆ ಅಕ್ಕನ ಮೈಮೇಲೆ ಗಾಳಿ ಬರತೊಡಗಿತು. ಅದನ್ನು ಮಾತ್ರ ಎಲ್ಲರೂ ತಕ್ಷಣ ನಂಬಿದರು. ಗಾಳಿ ಬಿಡುವವರೆಗೆ ಗಂಡನ ಮನೆಗೆ ಕಳಿಸುವುದು ಬೇಡ ಎಂದು ದೊಡ್ಡಪ್ಪ ತೀರ್ಮಾನಿಸಿದರು.

ನಾನು ಹೋದ ದಿನ ಮಧ್ಯಾಹ್ನ ಎಲ್ಲರೂ ಅಂಗಳದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆವು.

"ಬಂದ್ಲಪ್ಪ ಲಾಯರಮ್ಮ! ಇನ್ನು ಗಾಳಿ ಜತೇಲೂ ವಾದ ಮಾಡ್ತಾಳೆ," ಎಂದು ದೊಡ್ಡಪ್ಪ ನಕ್ಕರು.

ಅಷ್ಟರಲ್ಲಿ ಅಕ್ಕನ ಕೈ ನಿಂತಿತು. ನನ್ನ ಕಡೆ ತಿರುಗಿ, ಗಂಡು ದನಿಯಲ್ಲಿ, ಬಹಳ ಮೆತ್ತಗೆ ಹೇಳಿದಳು: "ಬರ್ರಿ, ಕೂಡ್ರಿ. ಹುಣಸೆಹಣ್ಣು ಯಾಕ ತರಾಕ ಹೋದ್ರಿ? ಆಕಿಗೇನೂ ಆಗಿಲ್ರಿ. ಬಾಗಿಲು ಬಡದೈತಿ, ಅಷ್ಟ."

ನನ್ನ ಕೈಯಲ್ಲಿ ಕಡಲೆಕಾಯಿ ಬಿಟ್ಟರೆ ಬೇರೇನೂ ಇರಲಿಲ್ಲ. ದೊಡ್ಡಮ್ಮ ಬೇವಿನ ಸೊಪ್ಪಿಗೆ ಓಡಿದರು. ನಾನು ಎದ್ದು ನಿಂತೆ. "ಯಾವ ದೆವ್ವ ರೀ ಹಚ್ಚಿ ಮಾತಾಡುತ್ತೆ ಹೇಳಿ? ದೆವ್ವ ಆಗಿದ್ರೆ ಲೇ ಅಂತಲೇ ಶುರು ಮಾಡ್ತಿತ್ತು. ಇದು ರಾಯದುರ್ಗದ ಮಾತು, ಅಲ್ಲಿದ್ದು ಕಲ್ತಿದಾಳೆ. ಗಾಳಿನೂ ಇಲ್ಲ, ಯಾರೂ ಇಲ್ಲ."

ಎಲ್ಲರೂ ನಕ್ಕರು. ದೊಡ್ಡಪ್ಪ ತಲೆದೂಗಿದರು. ಅಕ್ಕ ಒಬ್ಬಳೇ ನಗದೆ ನನ್ನನ್ನು ನೋಡುತ್ತಿದ್ದಳು. ಗಾಳಿಯೇ ಇಲ್ಲವೆಂದ ಮೇಲೆ ಮಗಳನ್ನು ಇಟ್ಟುಕೊಳ್ಳಲು ಕಾರಣವೇನು? ಭಾವನಿಗೆ ಫೋನು ಹೋಯಿತು. ಬಂದು ಕರೆದುಕೊಂಡು ಹೋದ.

ಬೇಸಿಗೆಯ ಶುರುವಿನಲ್ಲಿ ರಾಯದುರ್ಗದಲ್ಲಿ ನನ್ನ ಗೆಳತಿಯ ಮದುವೆ. ಅಕ್ಕ ಫೋನು ಎತ್ತುತ್ತಿಲ್ಲ, ಹಾಗೇ ನೋಡಿಕೊಂಡು ಬಾ ಎಂದು ದೊಡ್ಡಮ್ಮ ಒಂದು ಪೊಟ್ಟಣ ಕೊಟ್ಟರು: ಹೊಸ ಹುಣಸೆಹಣ್ಣು. ಆಗಲೂ ನನಗೇನೂ ಹೊಳೆಯಲಿಲ್ಲ. ಭಾವನ ಮನೆ ಬಾಗಿಲಲ್ಲಿ, ಪ್ಯಾಂಟಿನ ಕಟ್ಟುಗಳ ನಡುವೆ ನಿಂತೆ. ಅವನು ಮಿಷನ್ ನಿಲ್ಲಿಸಿ ಎದ್ದು ಬಂದ, ಪೊಟ್ಟಣ ನೋಡಿದ, ನಕ್ಕ.

"ಬರ್ರಿ, ಕೂಡ್ರಿ. ಹುಣಸೆಹಣ್ಣು ಯಾಕ ತರಾಕ ಹೋದ್ರಿ? ಆಕಿಗೇನೂ ಆಗಿಲ್ರಿ. ಬಾಗಿಲು ಬಡದೈತಿ, ಅಷ್ಟ."

ಒಂದಕ್ಷರ ಆಚೀಚೆಯಿಲ್ಲ. ದನಿಯೂ ಅದೇ. ಸಿನಿಮಾದಲ್ಲಾದರೆ ಕೆಂಪು ಕಣ್ಣು, ಕೋರೆಹಲ್ಲು ಇರುತ್ತವೆ. ಇವನ ಕೊರಳಲ್ಲಿ ಅಳತೆಯ ಟೇಪಿತ್ತು. ಅವನನ್ನು ದಾಟಿ ಒಳಗೆ ಹೋದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಿವಿಯಿಂದ ಕೆನ್ನೆಯವರೆಗೆ ಊದಿತ್ತು. ಮದುವೆಗೆ ಹೋಗದೆ ಅವಳನ್ನು ಎಬ್ಬಿಸಿಕೊಂಡು ಹೊರಟೆ. ಓಣಿಯ ಜನ ನೋಡುತ್ತಿದ್ದರು, ಅವನು ತಡೆಯಲಿಲ್ಲ. "ಹುಷಾರಾಗಿ ಹೋಗ್ರಿ," ಅಂದ.

ಅಕ್ಕ ಈಗ ಮಡಕಶಿರದಲ್ಲಿ ರವಿಕೆ ಹೊಲಿಯುತ್ತಾಳೆ. ಎಡಗಿವಿ ಕೇಳಿಸುವುದಿಲ್ಲ. ನಾನು ವಾದ ಗೆದ್ದ ದಿನ ಅದು ಕೇಳಿಸುತ್ತಿತ್ತು.

ಆ ಮಾತನ್ನು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ತವರಿನಿಂದ ಯಾರು ಹೋದರೂ ಅವನು ಹಾಗೇ ಹೇಳುತ್ತಿದ್ದನೇನೋ, ಅಕ್ಕನಿಗೆ ಬಾಯಿಪಾಠವಾಗಿತ್ತೇನೋ ಎಂದುಕೊಂಡು, ನನಗಿಂತ ಮೊದಲು ಹುಣಸೆಹಣ್ಣು ತಗೊಂಡು ಯಾರು ಹೋಗಿದ್ದರು ಎಂದು ದೊಡ್ಡಮ್ಮನನ್ನು ಕೇಳಿದೆ.

"ಯಾರೂ ಹೋಗಿರ್ಲಿಲ್ಲ ಕಣಮ್ಮಿ," ಅಂದರು. "ಒಬ್ರಾದ್ರೂ ಹೋಗ್ಬೇಕಿತ್ತು."

ಅಕ್ಕನನ್ನು ಕೇಳಿದ್ದು ಒಂದೇ ಸಲ, ಅವಳ ಬಲಗಡೆ ಕೂತು: ಆವತ್ತು ಅಂಗಳದಲ್ಲಿ ಮಾತಾಡಿದ್ದು ಯಾರು?

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

"ನೀನೇ ಹೇಳಿದ್ಯಲ್ಲೇ, ಯಾರೂ ಇಲ್ಲ ಅಂತ."