ಅಪ್ಪನ ಕಾಲು ಹಿಡಿದ ಬೇಸಿಗೆ

ಬಸ್ಸಿನ ಸದ್ದೇ ಇಲ್ಲದ ದಿನಗಳವು. ಹರಿಹರದಲ್ಲಿ ನಮ್ಮ ಮನೆ ಇರುವುದು ದೊಡ್ಡ ರಸ್ತೆಯ ಪಕ್ಕದ ಓಣಿಯಲ್ಲಿ. ಹುಟ್ಟಿದಾಗಿನಿಂದ ಹಾರ್ನ್ ಕೇಳುತ್ತಲೇ ನಿದ್ದೆ ಮಾಡಿದ್ದ ನನಗೆ ಆ ಬೇಸಿಗೆಯಲ್ಲಿ ಗುಬ್ಬಿಗಳ ದನಿಗೆ ಎಚ್ಚರವಾಗುತ್ತಿತ್ತು. ಕೊರೊನಾ ಅಂತ ಎಲ್ಲವೂ ಬಂದ್. ಶಾಲೆಯೂ ಬಂದ್. ನಿಮ್ಮಲ್ಲಿ ನನ್ನ ಓರಗೆಯವರಿಗೆ ಆ ಕಾಲ ಆಟದ ಕಾಲವಾಗಿ ನೆನಪಿರಬಹುದು. ನಮ್ಮ ಓಣಿಯ ಮಕ್ಕಳೂ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಚೌಕಾಬಾರದ ಮನೆ ಬರೆದು ಹುಣಸೆಬೀಜ ಉರುಳಿಸುತ್ತಿದ್ದರು. ಮಧ್ಯಾಹ್ನ ಯಾರದೋ ಮನೆಯಲ್ಲಿ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿದರೆ ಆ ಘಾಟು ಓಣಿಯ ತುದಿಯವರೆಗೂ ಬರುತ್ತಿತ್ತು. ಆದರೆ ನನಗೆ ಆ ಬೇಸಿಗೆ ಎಂದ ಕೂಡಲೇ ಮೂಗಿಗೆ ಬರುವುದು ಬಿಸಿ ಮಾಡಿದ ಹರಳೆಣ್ಣೆಯ ವಾಸನೆ.

ನನಗಾಗ ಹದಿನಾಲ್ಕು. ಅಪ್ಪ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಮಷಿನ್ ಮೇಲೆ ನಿಲ್ಲುತ್ತಿದ್ದ. ಮೊದಲು ಕೆಲವು ವಾರ ಅದೂ ಮುಚ್ಚಿತ್ತು. ಆಮೇಲೆ ಔಷಧಿ ತುಂಬಲು ಪೆಟ್ಟಿಗೆ ಬೇಕು ಎಂದು ಬಾಗಿಲು ತೆರೆದರು. ಸೂಪರ್‌ವೈಸರ್ ಫೋನ್ ಮಾಡಿದಾಗ ನಾವು ಮೂವರೂ, ಅಂದರೆ ಅಪ್ಪ, ಅವ್ವ, ನಾನು, ಸುತ್ತ ಕೂತು ಕೇಳಿಸಿಕೊಂಡೆವು.

“ಸರ್, ಬಸ್ಸಿಲ್ಲಲ್ರಿ. ಹೆಂಗೆ ಬರ್ಲಿ?” ಎಂದ ಅಪ್ಪ.

“ಅದು ನಿಮಗೆ ಬಿಟ್ಟಿದ್ದು ಬಸಪ್ಪ. ಬರೋರು ಬರ್ರಿ, ಆಗದಿದ್ರೆ ಬ್ಯಾಡ. ಬ್ಯಾರೆಯವರು ಕಾಯ್ತಾ ಅದಾರೆ.”

ಮನೆಯಲ್ಲಿ ಇದ್ದದ್ದು ಒಂದೇ ಗಾಡಿ. ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ನನಗೆ ಬಂದಿದ್ದ ಸೈಕಲ್ಲು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್ ಇದ್ದ ಹುಡುಗಿಯರ ಸೈಕಲ್ಲು. ಅಪ್ಪ ಆರಡಿಗೆ ಸ್ವಲ್ಪ ಕಡಿಮೆ. ಅದರ ಮೇಲೆ ಕೂತರೆ ಅವನ ಮಂಡಿ ಹ್ಯಾಂಡಲ್‌ಗೆ ತಾಗುತ್ತಿತ್ತು. ಮೊದಲ ದಿನ ಅವನು ಬುಟ್ಟಿಯಲ್ಲಿ ಊಟದ ಡಬ್ಬಿ, ಒಂದು ಬಾಟಲಿ ನೀರು ಇಟ್ಟುಕೊಂಡು ಹೊರಟಾಗ ಓಣಿಯವರು ನಕ್ಕರು. ನಾನೂ ನಕ್ಕೆ.

ದಿನಾ ಸೈಕಲ್ ಹೊಡೆದು ರೂಢಿ ಇದ್ದವರಿಗೆ ಹರಿಹರದಿಂದ ಕರೂರು ದೊಡ್ಡ ದಾರಿಯಲ್ಲ. ಅಪ್ಪನಿಗೆ ಒಂದೂಕಾಲು ಗಂಟೆ ಹಿಡಿಯುತ್ತಿತ್ತು. ದಿನವಿಡೀ ತಗಡಿನ ಸೂರಿನ ಕೆಳಗೆ ನಿಂತು, ಸಂಜೆ ಮತ್ತೆ ಅಷ್ಟೇ ದೂರ ತುಳಿಯಬೇಕು. ಮೂರನೇ ದಿನ ಮನೆಗೆ ಬಂದವನು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಲು ಬಾಗಿದ್ದಷ್ಟೇ, “ಅಯ್ಯಯ್ಯೋ” ಎಂದು ಹಿಂದಕ್ಕೆ ಬಿದ್ದ. ಬಲಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ಚರ್ಮದಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಮುಟ್ಟಿದರೆ ಕಲ್ಲು. ಅಪ್ಪ ಕೂಗುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಅಲ್ಲಿಂದ ದಿನಾ ಸಂಜೆ ಅದೇ ಕೆಲಸ. ಅವ್ವ ಹರಳೆಣ್ಣೆ ಕಾಯಿಸಿ ತರುತ್ತಿದ್ದಳು. ಅಪ್ಪನ ಒಂದು ಕಾಲು ಅವಳ ತೊಡೆಯ ಮೇಲೆ, ಇನ್ನೊಂದು ನನ್ನ ತೊಡೆಯ ಮೇಲೆ. ತಿಕ್ಕಿ ತಿಕ್ಕಿ ನನ್ನ ಹೆಬ್ಬೆರಳುಗಳು ಊದಿಕೊಂಡವು. ಪಕ್ಕದ ಮನೆಯವರು ಕೈಯಲ್ಲಿ ಕಬ್ಬಿಣ ಹಿಡಿದು ಮಲಗಿದರೆ ನಿಲ್ಲುತ್ತದೆ ಎಂದರು. ಅಪ್ಪ ಕುಡುಗೋಲು ಹಿಡಿದುಕೊಂಡು ಮಲಗಿದ. ನಿಲ್ಲಲಿಲ್ಲ.

ಓಣಿಯ ತುದಿಯಲ್ಲಿ ಖಾದರ್ ಚಾಚಾನ ಸೈಕಲ್ ಅಂಗಡಿ. ಅಂಗಡಿ ಮುಚ್ಚಿದ್ದರೂ ಚಾಚಾ ಹಿಂದಿನ ಮನೆಯಲ್ಲೇ ಇರುತ್ತಿದ್ದರು. ನಾನು ಹೋಗಿ ಹೇಳಿದಾಗ ಸೈಕಲ್ಲನ್ನೇ ನೋಡಿ ತಲೆ ಅಲ್ಲಾಡಿಸಿದರು.

“ಸೀಟು ಇಷ್ಟು ಕೆಳಗೆ ಐತಲ್ಲ ಬೇಟಿ. ಕಾಲು ಚಾಚದಂಗೆ ತುಳಿದ್ರೆ ಹಿಡ್ಕೊಳ್ದೆ ಏನ್ ಮಾಡ್ತೈತೆ?”

ಸೀಟಿನ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಚಾಚಾ ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಬಡಿದು, ಕೊನೆಗೆ ಅದನ್ನು ಕತ್ತರಿಸಿ, ಹಳೆ ಸೈಕಲ್ಲಿನ ಉದ್ದನೆಯ ಪೈಪು ಹಾಕಿ ಸೀಟು ಎತ್ತರಿಸಿ ಕೊಟ್ಟರು. ಮೂರು ದಿನ ಅಪ್ಪ ಕೂಗಲಿಲ್ಲ. ನಾವು ಗೆದ್ದೆವು ಎಂದುಕೊಂಡೆವು. ನಾಲ್ಕನೇ ದಿನ ದಾರಿಯ ನಡುವೆಯೇ ಹಿಡಿಯಿತು. ಅದೂ ಬೆಳಿಗ್ಗೆ ಹೋಗುವಾಗ. ಅಪ್ಪ ಇಪ್ಪತ್ತು ನಿಮಿಷ ತಡವಾಗಿ ಕಾರ್ಖಾನೆ ಸೇರಿದ. ಮರುವಾರ ಮತ್ತೊಂದು ಸಲ.

ಆ ಸಂಜೆ ಅವ್ವ ತಟ್ಟೆಗೆ ರೊಟ್ಟಿ ಹಾಕಿದಾಗ ಅಪ್ಪ ಮುರಿಯದೆ ಕೂತಿದ್ದ.

“ಏನಾತ್ರಿ?”

“ಇನ್ನೊಂದು ಸಲ ತಡ ಆದ್ರೆ ಗೇಟ್ ಒಳಗೆ ಬಿಡಂಗಿಲ್ಲಂತೆ. ಹೆಸರು ಹೊಡೆದು ಹಾಕ್ತಾರಂತೆ.”

ಅವ್ವ ಒಲೆಯ ಕಡೆ ತಿರುಗಿದಳು. ಬೇರೆ ಕೆಲಸ ಎಲ್ಲಿತ್ತು ಆಗ? ಕೆಲಸ ಇದ್ದವರೇ ಮನೆಯಲ್ಲಿ ಕೂತಿದ್ದ ಕಾಲ. ನಾನು ಅಪ್ಪನ ಕಾಲನ್ನೇ ನೋಡುತ್ತಿದ್ದೆ. ನಮ್ಮ ಮೂವರ ಬದುಕು ಆ ಎರಡು ಮೀನಖಂಡಗಳ ಮೇಲೆ ನಿಂತಿದೆ ಎಂದು ಹದಿನಾಲ್ಕರ ನನಗೂ ತಿಳಿದಿತ್ತು.

“ನಾಳೆ ನಾನೂ ಬರ್ತೀನಪ್ಪ. ದಾರೀಲಿ ಹಿಡಿದ್ರೆ ತಿಕ್ಕಾಕೆ ಒಬ್ರು ಬೇಕು” ಎಂದೆ.

ಅಪ್ಪ ಬ್ಯಾಡ ಎಂದ. ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅದು ಒಪ್ಪಿಗೆಯೇ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಓಡಿಹೋಗಿ ಚಾಚಾನನ್ನು ಇನ್ನೊಂದು ಸೈಕಲ್ ಕೇಳಿದೆ. ದೊಡ್ಡವರ ಸೈಕಲ್ಲೆಲ್ಲ ಯಾರು ಯಾರೋ ಒಯ್ದಿದ್ದರು. ಚಿಕ್ಕ ಮಕ್ಕಳದೊಂದು ಉಳಿದಿತ್ತು. ಅದಕ್ಕೆ ಕ್ಯಾರಿಯರ್ ಇರಲಿಲ್ಲ, ಬ್ರೇಕು ಒಂದೇ. ಅದನ್ನೇ ತಂದೆ.

ಬೆಳಿಗ್ಗೆ ಆರಕ್ಕೆ ಸ್ವಲ್ಪ ಮೊದಲೇ ಹೊರಟೆವು. ರಸ್ತೆ ಖಾಲಿ. ಬೇವಿನ ಹೂವಿನ ಕಹಿ ವಾಸನೆ, ದೂರದಲ್ಲಿ ಒಂದು ಆಂಬುಲೆನ್ಸ್ ಸದ್ದು. ಅಪ್ಪ ಮುಂದೆ, ನಾನು ಹಿಂದೆ. ಅವನ ಪಂಚೆಯ ಕೆಳಗೆ ಕಾಣುವ ಮೀನಖಂಡದ ಮೇಲೆಯೇ ನನ್ನ ಕಣ್ಣು. ಅದು ಸ್ವಲ್ಪ ಅದುರಿದರೂ ನಾನು ಬ್ರೇಕ್ ಹಿಡಿಯುತ್ತಿದ್ದೆ. ಬಾತಿ ಗುಡ್ಡ ಹತ್ತಿರವಾದಾಗ, ಇನ್ನೇನು ಮುಕ್ಕಾಲು ದಾರಿ ಆಯಿತು ಎಂದುಕೊಳ್ಳುವಾಗ, ಅಪ್ಪನ ಸೈಕಲ್ಲು ಒಂದು ಪಕ್ಕಕ್ಕೆ ವಾಲಿತು. ಅಪ್ಪ ರಸ್ತೆಯ ಅಂಚಿನ ಮಣ್ಣಿನಲ್ಲಿ ಬಿದ್ದಿದ್ದ. ಈ ಸಲ ಎರಡೂ ಕಾಲು.

ನಾನು ತಿಕ್ಕಿದೆ. ಗುದ್ದಿದೆ. ಸಡಿಲಾಯಿತು ಎನ್ನುವಷ್ಟರಲ್ಲಿ ಮತ್ತೆ ಗಂಟಾಗುತ್ತಿತ್ತು. ಅಪ್ಪ ಎರಡು ಸಲ ಏಳಲು ನೋಡಿ ಎರಡು ಸಲವೂ ಕುಸಿದ. “ನೀರು ಕುಡಿಯಪ್ಪ” ಎಂದು ಬಾಟಲಿ ಕೊಟ್ಟೆ. ಅವನು ಒಂದು ಗುಟುಕು ಕುಡಿದು ಮುಚ್ಚಳ ಹಾಕಿದ.

“ಪೂರ್ತಿ ಕುಡಿ.”

“ಬ್ಯಾಡವ್ವ. ಸಂಜೆ ತನಕ ಬೇಕು.”

“ಯಾಕ? ಅಲ್ಲಿ ನೀರಿಲ್ವಾ?”

ಅಪ್ಪ ನನ್ನ ಮುಖ ನೋಡಲಿಲ್ಲ. “ನೀರಿನ ಡ್ರಮ್ ತೆಗೆದಾರೆ. ಒಬ್ರು ಮುಟ್ಟಿದ್ದು ಒಬ್ರು ಮುಟ್ಟಬಾರ್ದಂತೆ. ಎಲ್ಲ ಮನೆಯಿಂದ ತರಬೇಕು.”

ಅಷ್ಟು ದಿನ ಅವನು ಆ ಒಂದೇ ಬಾಟಲಿಯಲ್ಲಿ ದಿನ ಕಳೆದಿದ್ದ. ತಗಡಿನ ಕೆಳಗೆ, ಬೇಸಿಗೆಯಲ್ಲಿ. ನಾವು ಎಣ್ಣೆ ತಿಕ್ಕುತ್ತ ಕೂತಿದ್ದೆವು, ಅವನು ಒಳಗೆ ಒಣಗುತ್ತಿದ್ದ. “ಮನೇಲಿ ಯಾಕೆ ಹೇಳ್ಲಿಲ್ಲ?” ಎಂದು ಕಿರುಚಿದೆ. “ಹೇಳಿದ್ರೆ ನಿಮ್ಮವ್ವ ಹೋಗಬ್ಯಾಡ ಅಂತಿದ್ಲು” ಎಂದ.

ಅವನ ಮೊಬೈಲಿನಲ್ಲಿ ಗಂಟೆ ನೋಡಿದೆ. ಏಳೂವರೆ ಆಗುತ್ತ ಬಂದಿತ್ತು. ಎಂಟಕ್ಕೆ ಗೇಟು. ರಸ್ತೆಯಲ್ಲಿ ಒಂದು ಲಾರಿ ಬಂತು. ಕೈ ಅಡ್ಡ ಹಿಡಿದೆ. ನಿಲ್ಲಿಸಲಿಲ್ಲ. ಆ ದಿನಗಳಲ್ಲಿ ರಸ್ತೆಯ ಪಕ್ಕ ಬಿದ್ದವರನ್ನು ಕಂಡರೆ ಜನ ಇನ್ನೂ ಜೋರಾಗಿ ಓಡಿಸುತ್ತಿದ್ದರು. ಒಂದು ಬೈಕ್ ಬಂತು. ಅದೂ ನಿಲ್ಲಲಿಲ್ಲ.

ನಾನು ಚಾಚಾನ ಸೈಕಲ್ಲನ್ನು ಜಾಲಿಗಿಡದ ಹಿಂದೆ ದೂಡಿದೆ. ನನ್ನ ಸೈಕಲ್ ಎತ್ತಿ ನಿಲ್ಲಿಸಿ, “ಹತ್ತಪ್ಪ, ಹಿಂದೆ ಕೂಡು” ಎಂದೆ.

“ನಿನ್ನ ಕೈಲಿ ಆಗಲ್ಲ ರತ್ನಿ.”

“ಕೂಡು ಅಂದೆ.”

ಅವನು ಕೂತ. ಎತ್ತರಿಸಿದ್ದ ಸೀಟು ನನಗೆ ಎಟಕುತ್ತಿರಲಿಲ್ಲ. ನಿಂತೇ ತುಳಿದೆ. ಮೊದಲ ಹತ್ತು ತುಳಿತಕ್ಕೆ ಸೈಕಲ್ಲು ಹಾವಿನಂತೆ ಹೊರಳಿತು. ಆಮೇಲೆ ನೆಟ್ಟಗಾಯಿತು. ಕಣ್ಣಿಗೆ ಬೆವರು ಇಳಿದು ಉರಿಯುತ್ತಿತ್ತು. ಮುಖಕ್ಕೆ ಕಟ್ಟಿದ್ದ ಬಟ್ಟೆ ಬಾಯೊಳಗೆ ಬರುತ್ತಿತ್ತು, ಕಿತ್ತು ಎಸೆದೆ. ಹಿಂದಿನಿಂದ ಅಪ್ಪ “ಸಾಕು, ನಿಲ್ಸವ್ವ, ಸಾಕು” ಎನ್ನುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಅವನ ದನಿಯೂ ನಿಂತಿತು. ಅಳುತ್ತಿದ್ದಾನೆ ಎಂದು ಬೆನ್ನಿಗೆ ಗೊತ್ತಾಗುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ಇಬ್ಬರೂ ಬೀಳುತ್ತಿದ್ದೆವು.

ಕಾರ್ಖಾನೆಯ ಗೇಟು ಕಂಡಾಗ ವಾಚ್‌ಮನ್ ಅದನ್ನು ಎಳೆಯಲು ಕೈ ಹಾಕಿದ್ದ. ಒಳಗೆ ಸೂಪರ್‌ವೈಸರ್ ರಿಜಿಸ್ಟರ್ ಹಿಡಿದು ನಿಂತಿದ್ದ. ನಾನು ಬ್ರೇಕ್ ಹಿಡಿದು ಕಾಲು ನೆಲಕ್ಕೆ ಊರಿದೆ. ಊರಿದ ಕಾಲು ನನ್ನದಾಗಿರಲಿಲ್ಲ. ಎರಡೂ ಮೀನಖಂಡವನ್ನು ಯಾರೋ ಒಳಗಿನಿಂದ ತಿರುಚಿ ಹಿಂಡಿದ ಹಾಗಾಯಿತು. ಸೈಕಲ್ ಸಮೇತ ಬಿದ್ದೆ. ಧೂಳಿನಲ್ಲಿ ಹೊರಳಾಡಿದೆ. ಆ ಕಿರುಚಾಟ ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಪ್ಪ ದಿನಾ ಇದನ್ನು ತಿಂದು ಮರುದಿನ ಮತ್ತೆ ಹೊರಡುತ್ತಿದ್ದ ಎಂಬುದು ಆಗ ಅರ್ಥವಾಯಿತು.

ಅಪ್ಪ ಕುಂಟುತ್ತ ನನ್ನ ಕಡೆ ಬಾಗಿದ.

“ಬಸಪ್ಪ, ಟೈಮಾತು” ಎಂದಿತು ಒಳಗಿನ ದನಿ.

ಅಪ್ಪ ಗೇಟಿನ ಕಡೆ ನೋಡಿದ. ನನ್ನನ್ನು ನೋಡಿದ. ಮತ್ತೆ ಗೇಟಿನ ಕಡೆ. ಅಂಥ ಮುಖವನ್ನು ನಾನು ಮತ್ತೆ ಎಲ್ಲಿಯೂ ನೋಡಿಲ್ಲ.

“ಹೋಗಪ್ಪಾ! ಹೋಗು!” ಎಂದು ಕೂಗಿದೆ.

ಅಪ್ಪ ಹೋದ.

ಗೇಟು ಮುಚ್ಚಿತು. ಕಣ್ಣೀರಿನ ಮಬ್ಬಿನಲ್ಲಿ ಅವನ ಬೆನ್ನು ಕಂಡಿದ್ದಷ್ಟು ನೆನಪಿದೆ, ಬೆವರಿಗೆ ಅಂಟಿಕೊಂಡ ಅಂಗಿ. ನಾನೇ ಹೋಗು ಎಂದಿದ್ದೆ. ಹೋಗಲಿ ಎಂದೇ ಅಷ್ಟು ದೂರ ತುಳಿದಿದ್ದೆ. ಆದರೂ ಆ ಗಳಿಗೆಯಲ್ಲಿ ನನ್ನೊಳಗೆ ಒಂದು ಚಿಕ್ಕ ಹುಡುಗಿ, ಅಪ್ಪ ನಿಜವಾಗಿಯೂ ಹೋಗಿಬಿಟ್ಟನಲ್ಲ ಎಂದು ಬೆರಗಾಗಿ ನೋಡುತ್ತಿದ್ದಳು.

ವಾಚ್‌ಮನ್ ಅಜ್ಜ ನನ್ನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದ. ಮುಟ್ಟಬೇಕೋ ಬೇಡವೋ ಎಂದು ಅವನಿಗೆ ಭಯ. ಕೊನೆಗೆ “ಆಗಿದ್ದಾಗ್ಲಿ” ಎಂದು ಕೂತು, ನನ್ನ ಮಂಡಿ ನೆಟ್ಟಗೆ ಒತ್ತಿ ಹಿಡಿದು, ಪಾದದ ಬೆರಳುಗಳನ್ನು ನನ್ನ ಕಡೆಗೇ ಬಾಗಿಸಿದ. ಗಂಟು ಮೆಲ್ಲಗೆ ಕರಗಿತು.

“ಗುದ್ದಬಾರ್ದು ತಂಗಿ. ಹಿಂಗೆ ಚಾಚಬೇಕು. ವಾರಕ್ಕೊಂದು ಸಲ ನಮ್ಮೂರು ಕೊಕ್ಕನೂರಿನಿಂದ ದಾವಣಗೆರೆ ಮಿಲ್ಲಿಗೆ ಸೈಕಲ್ ಹೊಡೆದೋನು ನಾನು. ಬೆವರಿನ ಜೊತೆ ಉಪ್ಪೂ ಹೋಗಿರ್ತೈತೆ. ಅದನ್ನ ವಾಪಸ್ ಹಾಕದೆ ಬರೀ ಎಣ್ಣೆ ಹಚ್ಚಿದ್ರೆ ಏನಾತು?”

ತನ್ನ ಬಾಟಲಿಯ ನೀರಿಗೆ ನಿಂಬೆಹಣ್ಣು ಹಿಂಡಿ, ಉಪ್ಪು, ಸಕ್ಕರೆ ಹಾಕಿ ಕೊಟ್ಟ. ಅಂಥದ್ದೇ ಒಂದು ಬಾಟಲಿ ಅಪ್ಪನಿಗೂ ಒಳಗೆ ಕಳಿಸಿದ. ಬಾಯಾರುವ ಮೊದಲೇ ಕುಡಿಯಬೇಕು, ಪಾದದ ನಡುಭಾಗದಿಂದಲ್ಲ ಮುಂಗಾಲಿನಿಂದ ತುಳಿಯಬೇಕು, ಅರ್ಧ ಗಂಟೆಗೊಮ್ಮೆ ಇಳಿದು ಗೋಡೆಗೋ ಮರಕ್ಕೋ ಕೈಕೊಟ್ಟು ಹಿಮ್ಮಡಿ ಊರಿ ಕಾಲು ಚಾಚಬೇಕು. ಬೇವಿನ ನೆರಳಿನಲ್ಲಿ ಸಂಜೆಯವರೆಗೂ ಕೂರಿಸಿ ಇಷ್ಟನ್ನೂ ಹೇಳಿಕೊಟ್ಟ. ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟ.

ಸಂಜೆ ಅಪ್ಪ ಹೊರಗೆ ಬಂದು ನನ್ನ ತಲೆ ಮುಟ್ಟಿದ. ಬಾತಿಯವರೆಗೂ ಅಜ್ಜ ಹೇಳಿದಂತೆ ಸರದಿಯ ಮೇಲೆ ತುಳಿಯುತ್ತ, ನಡೆಯುತ್ತ ಬಂದೆವು. ಜಾಲಿಗಿಡದ ಹಿಂದೆ ಚಾಚಾನ ಸೈಕಲ್ಲು ಹಾಗೇ ಇತ್ತು. ಅಲ್ಲಿ ನಿಂತು, ಕುಡಿದು, ಕಾಲು ಚಾಚಿ ಮತ್ತೆ ಹೊರಟೆವು. ಮನೆ ತಲುಪುವವರೆಗೂ ಅಪ್ಪನ ಕಾಲು ಹಿಡಿಯಲಿಲ್ಲ. ಮರುದಿನವೂ ಇಲ್ಲ, ಆಮೇಲೆಯೂ ಇಲ್ಲ. ಅವ್ವ ಮೂರು ಬಾಟಲಿ ತುಂಬಿ ಕೊಡುತ್ತಿದ್ದಳು, ಎರಡರಲ್ಲಿ ಉಪ್ಪು ಹಾಕಿದ ಮಜ್ಜಿಗೆ. ಇಷ್ಟೇ ಇತ್ತು ಮದ್ದು. ಒಂದು ಚಿಟಿಕೆ ಉಪ್ಪಿನ ಗುಟ್ಟು ಒಂದು ದಿನ ಮೊದಲು ತಿಳಿದಿದ್ದರೆ ಅಪ್ಪನಿಗೆ ಆ ಗೇಟಿನ ಮುಂದೆ ಆರಿಸುವ ಪಾಡು ಬರುತ್ತಿರಲಿಲ್ಲ.

ಆ ಕಾರ್ಖಾನೆ ಮರುವರ್ಷವೇ ಮುಚ್ಚಿತು. ಈಗ ಅಪ್ಪ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುತ್ತಾನೆ, ಬಸ್ಸಿನಲ್ಲಿ ಹೋಗಿಬರುತ್ತಾನೆ. ನಾನೂ ಅದೇ ಊರಲ್ಲಿ ಡಿಗ್ರಿ ಓದುತ್ತಿದ್ದೇನೆ. ಆ ದಿನದ ಮಾತನ್ನು ನಾವಿಬ್ಬರೂ ಎಂದೂ ಎತ್ತಿಲ್ಲ. ಹೊರಗಿನವರಿಗೆ ನಮ್ಮ ಮನೆಯಲ್ಲಿ ಯಾವುದೂ ಹಾಳಾದಂತೆ ಕಾಣುವುದಿಲ್ಲ. ಆದರೆ ಅದಕ್ಕೆ ಮೊದಲು ಅಪ್ಪ ನನ್ನನ್ನು ಬೈಯುತ್ತಿದ್ದ. ಲೆಕ್ಕದಲ್ಲಿ ಕಡಿಮೆ ಬಂದರೆ, ಹಾಲು ಉಕ್ಕಿಸಿದರೆ, ಎದುರು ಮಾತಾಡಿದರೆ, ಓಣಿಗೆಲ್ಲ ಕೇಳುವಂತೆ ಬೈದು, ಐದು ನಿಮಿಷಕ್ಕೆ ಮರೆತು ಹೆಗಲ ಮೇಲೆ ಕೈ ಹಾಕುತ್ತಿದ್ದ. ಆ ಬೇಸಿಗೆಯ ನಂತರ ಅವನು ನನ್ನನ್ನು ಒಂದು ಸಲವೂ ಬೈದಿಲ್ಲ. ನನ್ನ ಮುಂದೆ ದನಿ ಎತ್ತುವ ಹಕ್ಕನ್ನು ಆ ಗೇಟಿನ ಆಚೆಯೇ ಬಿಟ್ಟು ಬಂದವನಂತೆ ಇದ್ದುಬಿಟ್ಟ.

ಹೋದ ತಿಂಗಳು ಒಂದು ಸಂಜೆ ಬೇಕೆಂದೇ ಎರಡು ತಾಸು ತಡವಾಗಿ ಮನೆಗೆ ಬಂದೆ. ಹೇಳದೆ, ಕೇಳದೆ, ಫೋನ್ ಆಫ್ ಮಾಡಿಟ್ಟುಕೊಂಡು. ಅಪ್ಪ ಬಾಗಿಲಲ್ಲೇ ನಿಂತಿದ್ದ. ಹುಡುಕಲು ಹೊರಟವನಂತೆ ಚಪ್ಪಲಿ ಮೆಟ್ಟಿಕೊಂಡಿದ್ದ. ಈಗಲಾದರೂ ಬೈಯುತ್ತಾನೆ ಎಂದು ನಾನು ಚಪ್ಪಲಿ ಬಿಡುವುದನ್ನೇ ನಿಧಾನ ಮಾಡಿ ಕಾದೆ.

“ದಣಿದಿರ್ತೀಯ” ಎಂದ ಅಪ್ಪ. “ಕೈ ತೊಳ್ಕೊ ಬಾರವ್ವ, ಉಣ್ಣುವಂತೆ.”