ಇನ್ನೂ ಅವಕಾಶ ಅದ

ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಅರವತ್ತು ದಾಟಿದ ಮೇಲೆ ನನಗೊಂದು ನೌಕರಿ ಸಿಕ್ಕಿತು. ಛತ್ರಪತಿ ಸಂಭಾಜಿನಗರದ ಒಂದು ಪ್ರೈವೇಟ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರು ಬರೆಯುವ ಅರ್ಜಿಗಳ ಭಾಷೆ ತಿದ್ದುವ ಕೆಲಸ. ಅಲ್ಲಿಯ ಡೈರೆಕ್ಟರರು ಒಂದು ಕಾಲಕ್ಕೆ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ನಮ್ಮ ಯಜಮಾನರ ಜೊತೆ ಇದ್ದವರು. ಯಜಮಾನರು ತೀರಿಕೊಂಡ ವರ್ಷ ಫೋನ್ ಮಾಡಿದರು. ಅವರಿಗೆ ನಾನು ವಹಿನಿ, ಅಂದರೆ ಅತ್ತಿಗೆ. "ವಹಿನಿ, ನಾಶಿಕದಲ್ಲಿ ಒಬ್ಬರೇ ಕೂತು ಗೋಡೆ ನೋಡುವ ಬದಲು ನಮ್ಮ ಗ್ರಾಮರ್ ನೋಡಿರಿ. ನಮ್ಮ ಸೈಂಟಿಸ್ಟರು ಬರೆದದ್ದು ನಮಗೇ ತಿಳಿಯುವುದಿಲ್ಲ."

ನನಗೂ ಬೇಕಾಗಿತ್ತು. ವಾರಕ್ಕೊಮ್ಮೆ ನಾಶಿಕ ರೋಡ್‌ನಿಂದ ಬೆಳಗಿನ ಟ್ರೇನು, ಒಂದು ರಾತ್ರಿ ಅವರ ಗೆಸ್ಟ್ ಹೌಸು, ಮರುದಿನ ವಾಪಸ್ಸು. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಕಾಂಪೊಸಿಷನ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಉದ್ದದ ವಾಕ್ಯ ಕಂಡರೆ ಕೆಂಪು ಪೆನ್ಸಿಲ್ಲಿನಿಂದ ಕುಟ್ಟಿ, "ಸೇ ವಾಟ್ ಯು ಮೀನ್, ಚೈಲ್ಡ್" ಎನ್ನುತ್ತಿದ್ದರು. ಅರ್ಧ ಶತಮಾನ ಆದ ಮೇಲೆ ಅದನ್ನೇ ನಾನು ಪಿಎಚ್‌ಡಿ ಮಾಡಿದವರಿಗೆ ಹೇಳುತ್ತ ಕೂತೆ. ಹೇಳುವುದೊಂದು, ತಿಳಿಯುವುದೊಂದು ಆಗಬಾರದು ಎಂದು ಎಷ್ಟು ಜನರಿಗೆ ಲೆಕ್ಚರ್ ಕೊಟ್ಟೆನೋ! ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ಹೀಗಿರುವಾಗ ಆ ದೊಡ್ಡ ಅರ್ಜಿ ಬಂತು. ಹೊರದೇಶದ ಒಂದು ಫೌಂಡೇಶನ್ನು. ಅವರು ಯಾವ ಒಬ್ಬ ವಿದ್ವಾಂಸನಿಗೂ ನೇರ ದುಡ್ಡು ಕೊಡುವುದಿಲ್ಲ. ನೀವೇ ಒಂದು ಫೆಲೋಶಿಪ್ ಪ್ರೋಗ್ರಾಮ್ ನಡೆಸಿ, ಬೇರೆ ಬೇರೆ ದೇಶಗಳ ತರುಣ ಸಂಶೋಧಕರನ್ನು ಕರೆಸಿಕೊಳ್ಳಿ, ಖರ್ಚಿನಲ್ಲಿ ನಮ್ಮದು ಒಂದು ಪಾಲು, ನಿಮ್ಮದು ಒಂದು ಪಾಲು ಎನ್ನುತ್ತಾರೆ. ಅದಕ್ಕೆ ಕೋ-ಫಂಡಿಂಗ್ ಎಂದು ಹೆಸರು. ನಮ್ಮ ಪಾಲನ್ನು ನಾವೊಬ್ಬರೇ ಹೊರಬೇಕೆಂದಿಲ್ಲ, ಪಾರ್ಟ್‌ನರುಗಳನ್ನು ಸೇರಿಸಿಕೊಳ್ಳಬಹುದು. ದುಡ್ಡಿಲ್ಲದವರು ಲ್ಯಾಬು, ಮಷೀನು, ಗೈಡ್ ಮಾಡುವವರ ಸಮಯ ಕೊಟ್ಟರೂ ನಡೆಯುತ್ತದೆ. ಆದರೆ ಪ್ರತಿಯೊಬ್ಬ ಪಾರ್ಟ್‌ನರನೂ "ಇಷ್ಟು ಕೊಡುತ್ತೇವೆ" ಎಂದು ತನ್ನ ಮುಖ್ಯಸ್ಥರ ಸಹಿ ಇರುವ ಪತ್ರ ಕೊಡಬೇಕು. ಪತ್ರ ಇಲ್ಲದವರು ಅರ್ಜಿಯಲ್ಲಿಲ್ಲ, ಅರ್ಜಿಯಲ್ಲಿಲ್ಲದವರು ಮುಂದೆ ಎಂದೂ ಇಲ್ಲ.

ನಾನು ಇದನ್ನೆಲ್ಲ ವಿವರಿಸಿದ ಮೇಲೆ ಅಕೌಂಟೆಂಟ್ ಸಾಹೇಬರು ಕನ್ನಡಕ ಹಣೆಗೇರಿಸಿ, "ಮ್ಹಣಜೆ ಭಿಶೀಚ್ ನಾ, ಮ್ಯಾಡಮ್?" ಎಂದರು. ಅಂದರೆ ಇದು ಭಿಶಿಯೇ ಅಲ್ಲವೇ ಎಂದು. ಹೆಂಗಸರು ತಿಂಗಳಾ ತಿಂಗಳಾ ದುಡ್ಡು ಹಾಕಿ, ತಿಂಡಿಗೆ ಸೇರುವ ಚೀಟಿಗೆ ಇಲ್ಲಿ ಭಿಶಿ ಎನ್ನುತ್ತಾರೆ.

"ಭಿಶಿಯೇ. ಆದರೆ ಇಲ್ಲಿ ಯಾರೂ ಸಾಬುದಾಣಾ ವಡಾ ಮಾಡುವುದಿಲ್ಲ."

"ವಡಾನೂ ಇಲ್ಲದ ಮೇಲೆ ಇದು ಎಂಥ ಇಂಟರ್‌ನ್ಯಾಷನಲ್ ಭಿಶಿ?" ಎಂದು ಅವರು ನಕ್ಕರು.

ಇಲ್ಲಿ ಅವಳು ಬರುತ್ತಾಳೆ. ಓಝರ್ ಟೌನ್‌ಶಿಪ್ಪಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಹುಡುಗಿ. ಅಪ್ಪ ಅವ್ವ ಗದಗಿನ ಕಡೆಯವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಓಝರಿನಲ್ಲಿ. ನನಗೆ ಮಕ್ಕಳಿಲ್ಲ. ಸ್ಕೂಲಿನಿಂದ ಬಂದವಳು ಮೊದಲು ನಮ್ಮ ಮನೆಗೆ ನುಗ್ಗಿ ಬಿಸ್ಕಿಟ್ ಡಬ್ಬಿ ತೆಗೆಯುತ್ತಿದ್ದಳು. ಅವಳ ಕನ್ನಡ ಕೇಳಲು ಚಂದ. "ಆಂಟಿ, ನಿಮ್ಮ ಚಪಾತಿ ಭಾರೀ ಅದ" ಎನ್ನುತ್ತಿದ್ದಳು. ಮರಾಠಿಯ ಭಾರೀ, ಅಂದರೆ ಬಹಳ ಚೆಂದ. "ಭಾರ ಆಗೂ ಹಂಗ ನಾ ಚಪಾತಿ ಮಾಡಂಗಿಲ್ಲವಾ" ಎಂದು ನಾನು ಕಾಡುತ್ತಿದ್ದೆ. ಅವಳಿಗೆ ಜೋಕು ತಿಳಿಯಲು ಒಂದು ನಿಮಿಷ ಹಿಡಿಯುತ್ತಿತ್ತು. ಆಮೇಲೆ ಡಬ್ಬಿ ಬೀಳುವಷ್ಟು ನಗುತ್ತಿದ್ದಳು.

ದೊಡ್ಡವಳಾಗಿ ಅವಳು ಸದ್ದಿನ ಶಾಸ್ತ್ರ ಓದಿದಳು, ಅಕೌಸ್ಟಿಕ್ಸ್. ನಾಶಿಕದ ಒಂದು ಸಣ್ಣ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಪಾಠ ಹೇಳುತ್ತ, ಅಲ್ಲೇ ಒಂದು ಕೋಣೆಯನ್ನು ಹೊರಗಿನ ಶಬ್ದ ಒಳಗೆ ಬಾರದಂತೆ ತಾನೇ ಕಟ್ಟಿಕೊಂಡಿದ್ದಳು. ಅವಳು ಕ್ವಾಯಟ್ ರೂಮ್ ಎನ್ನುತ್ತಿದ್ದಳು. ಗೋಡೆಗೆ ಮೊಟ್ಟೆಯ ಟ್ರೇಗಳು. "ಅವು ಏನೂ ಕೆಲಸ ಮಾಡಂಗಿಲ್ಲ ಆಂಟಿ, ಪ್ರಿನ್ಸಿಪಾಲ್ ಸರ್ ಯೂಟ್ಯೂಬ್ ನೋಡಿ ಹಚ್ಚಿಸ್ಯಾರ. ಖರೇ ಕೆಲಸ ಒಳಗಿನ ಹತ್ತಿ ಮಾಡ್ತದ."

ಅವಳ ಸಂಶೋಧನೆ ಮಾಲೇಗಾಂವ್‌ನ ಪವರ್‌ಲೂಮುಗಳ ಸದ್ದಿನ ಮೇಲೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಶೆಡ್ಡಿನ ಬಾಗಿಲಲ್ಲಿ ನಿಂತರೆ ಎದೆಯೊಳಗೇ ಮಗ್ಗ ಹೊಡೆದ ಹಾಗೆ. ಒಳಗಿನವರು ಬಾಯಿ ಬಿಟ್ಟು ಮಾತಾಡುವುದೇ ಇಲ್ಲ, ಕೈ ಹುಬ್ಬುಗಳಲ್ಲೇ ಎಲ್ಲ. ನಲ್ವತ್ತು ದಾಟುವುದರೊಳಗೆ ಕಿವಿ ಮಂದವಾಗುತ್ತದೆ. ಒಬ್ಬ ನೇಕಾರನ ಹೆಂಡತಿ ಹಿಂದಿಯಲ್ಲಿ, "ಇವರು ಮೊದಲೂ ನನ್ನ ಮಾತು ಕೇಳುತ್ತಿರಲಿಲ್ಲ ಬಿಡಿ, ಈಗ ಡಾಕ್ಟರ್ ಸರ್ಟಿಫಿಕೇಟ್ ಬೇರೆ ಸಿಕ್ಕಿದೆ" ಎಂದಳು. ಎಲ್ಲರೂ ನಕ್ಕರು. ಗಂಡ ನಮ್ಮ ಮುಖಗಳನ್ನು ನೋಡಿ ತಾನೂ ನಕ್ಕ. ಕೇಳಿಸದೆಯೇ ನಕ್ಕ ಆ ನಗೆಯನ್ನು ನಮ್ಮ ಹುಡುಗಿಗೆ ಸಹಿಸಲಿಕ್ಕಾಗಲಿಲ್ಲ. ದಾರಿಯುದ್ದಕ್ಕೂ ಮಗ್ಗದ ಯಾವ ಭಾಗಕ್ಕೆ ರಬ್ಬರ್ ಕೊಟ್ಟರೆ ಎಷ್ಟು ಸದ್ದು ಇಳಿಯಬಹುದು ಎಂದು ಹೇಳುತ್ತಲೇ ಬಂದಳು.

ಆ ವರ್ಷ ಅವಳ ಕಾಂಟ್ರ್ಯಾಕ್ಟ್ ಮುಗಿಯುವುದಿತ್ತು. ಯಾವುದಾದರೂ ಪ್ರಾಜೆಕ್ಟ್ ಬಂದರೆ ಅವಳೂ ಇರಲಿ, ಕೋಣೆಯೂ ಇರಲಿ, ಇಲ್ಲದಿದ್ದರೆ ಎರಡೂ ಬೇಡ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು. ನಮ್ಮ ಅರ್ಜಿಯಲ್ಲಿ ಅವಳ ಕೋಣೆಯನ್ನೂ ಪಾರ್ಟ್‌ನರ್ ಲ್ಯಾಬ್ ಎಂದು ಸೇರಿಸಿದರೆ ಹೊರಗಿನಿಂದ ಒಬ್ಬ ಫೆಲೋ ಅಲ್ಲಿಗೆ ಬರುತ್ತಾರೆ, ಉಪಕರಣ ಬರುತ್ತದೆ, ಅವಳು ಗೈಡ್ ಆಗಿ ಉಳಿಯುತ್ತಾಳೆ. ನನಗೆ ಅದು ಬಿಟ್ಟರೆ ಬೇರೆ ಏನೂ ಕಾಣಲಿಲ್ಲ.

ಡೈರೆಕ್ಟರರು ಅವಳ ಕೋಣೆಯ ಫೋಟೋ ನೋಡಿ ತಲೆ ಅಲ್ಲಾಡಿಸಿದರು. "ವಹಿನಿ, ವಾಳೂಜ್‌ನ ಆಟೊಮೊಬೈಲ್ ಕಂಪನಿಗಳು ನಮ್ಮ ಪಾರ್ಟ್‌ನರು. ಅವರ ಪಕ್ಕದಲ್ಲಿ ಈ ಅಂಡಾ-ಟ್ರೇ ಕೋಣೆ? ಫಾರಿನ್ನಿನವರು ನಗುತ್ತಾರೆ."

"ಕಾರಿನ ಬಗ್ಗೆ ಅವರಿಗೆ ನಾವೇನು ಹೊಸದು ಹೇಳುವುದಿದೆ? ಮಾಲೇಗಾಂವ್‌ನ ಕಿವಿಗಳ ಬಗ್ಗೆ ಹೇಳಬಹುದು" ಎಂದೆ.

ಒಂದು ವಾರ ವಾದ ನಡೆಯಿತು. ಕಡೆಗೆ ಒಂದು ಗುರುವಾರ ಸಂಜೆ, ಹೊರಡಲು ಕಾರಿನ ಕೀ ಹಿಡಿದವರು ನನ್ನ ಟೇಬಲ್ಲಿನ ಹತ್ತಿರ ನಿಂತು, "ಆಯಿತು. ಸೋಮವಾರ ಮಧ್ಯಾಹ್ನದೊಳಗೆ ಪತ್ರ ಬಂದರೆ ಸೇರಿಸಿ" ಎಂದರು.

ಸೋಮವಾರ ಅರ್ಜಿ ಕಳಿಸುವ ಕಡೆಯ ದಿನ. ಅವಳಿಗೂ ಅದು ಗೊತ್ತಿತ್ತು. ಅವಳಾಗ ಮಾಲೇಗಾಂವ್‌ನಲ್ಲಿದ್ದಳು. ಒಬ್ಬ ಮಾಲೀಕರು ತಮ್ಮ ಶೆಡ್ಡಿನಲ್ಲಿ ಸದ್ದು ಅಳೆಯಲು ಮೊದಲ ಸಲ ಒಪ್ಪಿದ್ದರು. ಆದರೂ ಎಲ್ಲ ಬಿಟ್ಟು ಶುಕ್ರವಾರ ಸಂಜೆಯ ಬಸ್ಸಿಗೆ ನಾಶಿಕಕ್ಕೆ ಬಂದು, ಶನಿವಾರ ಬೆಳಿಗ್ಗೆ ಪ್ರಿನ್ಸಿಪಾಲರ ಸಹಿ ತೆಗೆದುಕೊಳ್ಳುವುದೆಂದು ಮೊದಲೇ ಹೇಳಿದ್ದಳು. ಪ್ರಿನ್ಸಿಪಾಲರು ಶನಿವಾರ ಮಧ್ಯಾಹ್ನ ಊರಿಗೆ ಹೋಗುವವರು.

ನಾನು ಖುಷಿಯಲ್ಲಿ ಫೋನ್ ಹಚ್ಚಿದೆ. ಆ ಕಡೆ ಮಗ್ಗಗಳ ಖಟಖಟ.

"ಡೈರೆಕ್ಟರ್ ಒಪ್ಪಿದ್ರು! ನಿನಗ ಇನ್ನೂ ಅವಕಾಶ ಅದ ನೋಡವಾ, ಇನ್ನೂ ಅವಕಾಶ ಅದ!" ಎಂದು ಕೂಗಿದೆ.

"ಹೌದಾ ಆಂಟಿ? ಭಾರೀ! ಹಂಗಾರ ಪೂರಾ ಮುಗಿಸಿಕೊಂಡೇ ಬರ್ತೀನಿ!"

ಪತ್ರದ ಕೆಲಸ ಮುಗಿಸಿಕೊಂಡು ಬರುತ್ತಾಳೆಂದು ನಾನು ತಿಳಿದುಕೊಂಡೆ.

ಶನಿವಾರ ಪತ್ರ ಬರಲಿಲ್ಲ. ಭಾನುವಾರವೂ ಸೋಮವಾರ ಬೆಳಿಗ್ಗೆಯೂ ಅವಳ ಫೋನ್ ಬಂದ್ ಇತ್ತು. ರೆಕಾರ್ಡಿಂಗ್ ಮಾಡುವಾಗ ಅವಳು ಫೋನ್ ಆಫ್ ಮಾಡುತ್ತಾಳೆ, ಅದು ನನಗೆ ಗೊತ್ತಿದ್ದ ಸಂಗತಿ. ಆದರೆ ಅವಳು ಆಗಲೂ ಶೆಡ್ಡಿನಲ್ಲಿರಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ಕಡೆಯ ದಿನವೆಂದು ಸೋಮವಾರ ನಾನೂ ಆಫೀಸಿಗೆ ಹೋಗಿದ್ದೆ. ಹನ್ನೆರಡಕ್ಕೆ ಡೈರೆಕ್ಟರರು ನನ್ನತ್ತ ನೋಡಿದರು. ಪ್ರಿನ್ಸಿಪಾಲರಿಗೆ ನಾನೇ ಫೋನ್ ಮಾಡಿದೆ. "ಯಾವ ಪತ್ರ? ನನ್ನ ಹತ್ತಿರ ಯಾರೂ ಬಂದಿಲ್ಲವಲ್ಲ" ಎಂದರು. ಅರ್ಜಿ ಅವಳಿಲ್ಲದೆ ಹೋಯಿತು. ನಾನು ಅವಳಿಗಾಗಿ ಬರೆದಿದ್ದ ಪ್ಯಾರಾಗ್ರಾಫನ್ನು ನಾನೇ ಡಿಲೀಟ್ ಮಾಡಿದೆ. ಆ ಅರ್ಜಿಯಲ್ಲೇ ಚೆನ್ನಾಗಿದ್ದ ಇಂಗ್ಲಿಷ್ ಅದು.

ಗುರುವಾರ ಅವಳು ಸಂಭಾಜಿನಗರಕ್ಕೇ ಬಂದಳು. ಬಿಸಿಲಲ್ಲಿ ಕೆಂಪಾಗಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್, ಅದರೊಳಗೆ ಸಹಿ, ಸಿಕ್ಕಾ ಎಲ್ಲ ಇದ್ದ ಪತ್ರ. "ಹಗಲು ಪಾಳಿ, ರಾತ್ರಿ ಪಾಳಿ, ಎರಡೂ ರೆಕಾರ್ಡ್ ಆಯ್ತು ಆಂಟಿ! ಸರ್ ನಿನ್ನೆ ಬಂದ ಕೂಡಲೇ ಸಹಿ ಮಾಡಿಸಿದೆ. ಲವಕರ ತಂದೆ ನೋಡ್ರಿ, ಬಿಫೋರ್ ಟೈಮ್!"

ಬಿಫೋರ್ ಟೈಮ್! ನನಗೆ ಸಿಟ್ಟು ಬಂತು. ನಾಲ್ಕು ದಿನದಿಂದ ಒಳಗೇ ಕುದಿಯುತ್ತಿದ್ದುದು ಹೊರಗೆ ಬಂತು. ಸಿಟ್ಟು ಬಂದರೆ ನನಗೆ ಇಂಗ್ಲಿಷೇ ಬರುವುದು. "ಡೂ ಯು ನೋ ವಾಟ್ ಡೇ ಇಟ್ ಈಸ್? ಸೋಮವಾರಕ್ಕೇ ಮುಗೀತು. ಐ ಫಾಟ್ ಫಾರ್ ಯು. ಇಷ್ಟು ಕೇರ್‌ಲೆಸ್ ಆದವರಿಗೆ ಯಾರು ಲ್ಯಾಬ್ ಕೊಡ್ತಾರ?"

"ಆಂಟಿ, ನೀವೇ ಹೇಳಿದ್ರಲ್ಲ..."

"ನಾ ಏನೂ ಹೇಳಿಲ್ಲ!"

ಅವಳು ಫೋಲ್ಡರನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟವಳು ಮತ್ತೆ ತೆಗೆದುಕೊಂಡಳು. ಕೊಟ್ಟ ಚಹಾ ಅರ್ಧ ಕುಡಿದು ನಾಶಿಕದ ಬಸ್ಸಿಗೆ ಹೋದಳು.

ಕೆಲವು ವಾರಗಳ ಮೇಲೆ ಗೆಸ್ಟ್ ಹೌಸಿನಲ್ಲಿ ಊಟಕ್ಕೆ ಕೆಳಗಿಳಿದು ಬಂದೆ. ಅಡುಗೆಯ ಹೆಂಗಸು ಹಿಟ್ಟಿನ ಕೈಯನ್ನೇ ಅಡ್ಡ ಹಿಡಿದು ಮರಾಠಿಯಲ್ಲಿ, "ಅಜೂನ್ ಅವಕಾಶ್ ಆಹೆ, ಮ್ಯಾಡಮ್. ಜರಾ ಫಿರೂನ್ ಯಾ" ಎಂದಳು. ಇನ್ನೂ ಟೈಮ್ ಇದೆ, ಸ್ವಲ್ಪ ಅಡ್ಡಾಡಿ ಬನ್ನಿ.

ನಾನು ಅಡ್ಡಾಡಲು ಹೋಗಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಕನ್ನಡದಲ್ಲಿ ಅವಕಾಶ ಅಂದರೆ ಚಾನ್ಸು. ಇನ್ನೂ ಅವಕಾಶ ಅದ ಎಂದರೆ ಬಾಗಿಲು ಸ್ವಲ್ಪ ತೆರೆದಿದೆ, ಓಡಿ ಬಾ ಎಂದು. ಮರಾಠಿಯಲ್ಲಿ ಅದೇ ಶಬ್ದಕ್ಕೆ ಇನ್ನೂ ಸಮಯವಿದೆ, ಗಡಿಬಿಡಿ ಬೇಡ ಎಂದು. ಡೈರೆಕ್ಟರರು ತಾರೀಖು ಮುಂದೆ ಹಾಕಲು ಒಪ್ಪಿದರೆಂದು ತಿಳಿದೇ ಅವಳು ಶೆಡ್ಡಿನಲ್ಲಿ ಉಳಿದಿರಬೇಕು. ಈ ಅಡುಗೆಯವಳ ಮಾತನ್ನು ಪ್ರತಿ ವಾರ ಕೇಳುತ್ತಿದ್ದೆ. ನಲ್ವತ್ತು ವರ್ಷ ಈ ಸೀಮೆಯಲ್ಲಿ ತರಕಾರಿ ಕೊಂಡವಳಿಗೆ ಅದು ತಿಳಿಯದ ಶಬ್ದವೇ ಅಲ್ಲ. ಆದರೆ ಕನ್ನಡ ಮಾತಾಡುವಾಗ ನನಗೆ ಮರಾಠಿ ಕೇಳಿಸುವುದಿಲ್ಲ. ಅವಳಿಗೆ ಕನ್ನಡದ ಒಳಗೂ ಮರಾಠಿಯೇ ಕೇಳಿಸುತ್ತದೆ. ಇದು ಅವಳ ಭಾರೀ ಚಪಾತಿಯ ಕಾಲದಿಂದ ನನಗೆ ಗೊತ್ತು, ನಕ್ಕಿದ್ದೂ ನಾನೇ.

ಅಲ್ಲಿಂದಲೇ ಫೋನ್ ಮಾಡಿ ಕೇಳಿದೆ. ಅವಳು, "ಹೋಗ್ಲಿ ಬಿಡ್ರಿ ಆಂಟಿ. ನನ್ನ ಕನ್ನಡ ಕಚ್ಚಾ ಅದ" ಎಂದಳು.

"ನಿನ್ನ ಕನ್ನಡಕ್ಕ ಏನಾಗಿಲ್ಲವಾ. ನಾ ಸೋಮವಾರ ಅಂತ ಒಂದು ಮಾತು ಹೇಳಬೇಕಿತ್ತು."

"ಇಟ್ಸ್ ಓಕೆ, ಆಂಟಿ. ರಿಯಲಿ."

ಆವತ್ತಿನಿಂದ ಅವಳು ನನ್ನೊಡನೆ ಇಂಗ್ಲಿಷ್ ಮಾತಾಡತೊಡಗಿದಳು. ಬೇಕೆಂದೇ ಅಲ್ಲ ಅಂತ ಕಾಣುತ್ತದೆ. ತಪ್ಪಾಗಬಾರದು ಎಂದಿರಬೇಕು. ಒಳ್ಳೆಯ ಇಂಗ್ಲಿಷ್, ನಾನೇ ಕಲಿಸಿದ್ದು. ಆದರೆ ಅದರಲ್ಲಿ ಚಪಾತಿ ಎಂದೂ ಭಾರೀ ಆಗುವುದಿಲ್ಲ.

ಅರ್ಜಿ ಪಾಸಾಯಿತು. ಡೈರೆಕ್ಟರರು ಪೇಢೆ ಹಂಚಿದರು. ನಾನು ಅವಳ ಮಾತು ತೆಗೆದಾಗ, "ಈಗ ಪಾರ್ಟ್‌ನರ್ ಸೇರಿಸಲು ಬರುವುದಿಲ್ಲ ವಹಿನಿ, ರೂಲ್ಸ್ ನೀವೇ ಓದಿ ಹೇಳಿದ್ದು" ಎಂದರು. ನಿಜ, ನಾನೇ ಓದಿ ಹೇಳಿದ್ದು. ಬೇರೆ ಬೇರೆ ದೇಶದ ಹುಡುಗರು ಹುಡುಗಿಯರು ಬಂದರು, ಒಳ್ಳೆಯವರು. ಒಬ್ಬಾಕೆ ತನ್ನ ಅಜ್ಜಿ ನೂಲಿನ ಮಿಲ್ಲಿನಲ್ಲಿ ದುಡಿದು ಕಿವುಡಿಯಾದಳೆಂದು ಊಟದ ಹೊತ್ತಿಗೆ ಮಾತಿಗೆ ಹೇಳಿದಳು. ಆಕೆ ವಾಳೂಜ್‌ನಲ್ಲಿ ಬ್ರೇಕಿನ ಮೇಲೆ ಕೆಲಸ ಮಾಡಿ ಹೋದಳು.

ಕ್ವಾಯಟ್ ರೂಮ್ ಈಗ ಕಾಲೇಜಿನ ಹಳೆ ಕುರ್ಚಿಗಳ ಗೋದಾಮು. ಅವಳೂ ವಾಳೂಜ್ ಸೇರಿದಳು, ಒಂದು ಕಾರಿನ ಕಂಪನಿ. ಕಾರಿನ ಬಾಗಿಲು ಮುಚ್ಚಿದಾಗ ಬರುವ ಸದ್ದನ್ನು ಹದ ಮಾಡುವುದು ಅವಳ ಕೆಲಸ. ಶೋರೂಮಿಗೆ ಬಂದವರು ಮೊದಲು ಬಾಗಿಲು ಹಾಕಿ ನೋಡುತ್ತಾರಂತೆ. ಡಬ್ಬದಂತೆ ಕೇಳಿಸಿದರೆ ಗಿರಾಕಿ ಹೋದ.

ಹೋದ ತಿಂಗಳು ಒಂದು ಭಾನುವಾರ ನಾಶಿಕದ ನನ್ನ ಮನೆಗೆ ಬಂದಿದ್ದಳು. ಗೇಟಿನ ಹತ್ತಿರ ತನ್ನ ಹೊಸ ಕಾರಿನ ಬಾಗಿಲು ಹಾಕಿ ತೋರಿಸಿದಳು. "ಲಿಸನ್, ಆಂಟಿ." ಧಪ್ ಎಂದು ಮೆತ್ತಗಿನ ಸದ್ದು.

"ಚಂದ ಅದ" ಎಂದೆ. ಚಂದವೇ ಇತ್ತು.

ಚಪಾತಿ ಬಡಿಸಿ, ಜೊತೆಗೆ ಚಹಾ ಕುಡಿಯುವಾಗ ನಾನು ಮೊದಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದನ್ನು ಹೇಳಿದೆ. ಆ ಫೌಂಡೇಶನ್ ಮತ್ತೆ ಅರ್ಜಿ ಕರೆದಿದೆ, ಹೊಸ ಪ್ರೋಗ್ರಾಮ್, ಪಾರ್ಟ್‌ನರುಗಳ ಪಟ್ಟಿ ಇನ್ನೂ ಆಗಿಲ್ಲ, ಯಾವುದಾದರೂ ಕಾಲೇಜಿನ ಜೊತೆ ಮಾತಾಡಬಹುದು. ಕಡೆಯ ತಾರೀಖನ್ನು ಕನ್ನಡದಲ್ಲಿ ಹೇಳಿದೆ, ಮರಾಠಿಯಲ್ಲಿ ಹೇಳಿದೆ, ಇಂಗ್ಲಿಷಿನಲ್ಲೂ ಹೇಳಿದೆ. ಅವಳು ನಕ್ಕಳು. ಆಮೇಲೆ ಎಷ್ಟೋ ದಿನಗಳ ಮೇಲೆ ನನ್ನೊಡನೆ ಕನ್ನಡ ಮಾತಾಡಿದಳು.

"ಈಗ ನನಗ ಅವಕಾಶ ಇಲ್ಲ ಆಂಟಿ."

ಪುರುಸೊತ್ತಿಲ್ಲ ಎಂದಳೋ, ಇನ್ನು ಆ ಬಾಗಿಲು ಮುಚ್ಚಿತು ಎಂದಳೋ, ನನಗೆ ತಿಳಿಯಲಿಲ್ಲ. ಈ ಸಲ ಕೇಳಬೇಕಾಗಿತ್ತು, ಯಾವ ಅವಕಾಶ ಎಂದು. ಕೇಳಲು ಧೈರ್ಯ ಬರಲಿಲ್ಲ. ಇನ್ನೊಂದು ಚಪಾತಿ ಹಾಕಲೇನವಾ ಎಂದು ಕೇಳಿದೆ.