ವಿಶಿಲ್ ಇಲ್ಲದ ತುಕ್ರಪ್ಪ

ಮಡಂತ್ಯಾರಿನಿಂದ ಬೆಳ್ತಂಗಡಿಯವರೆಗೆ ಎಲ್ಲೇ ಮದುವೆಯಿರಲಿ, ಗದ್ದೆಯಲ್ಲಿ ಕಾರು ನಿಲ್ಲಿಸಲು ಹೋದರೆ ಮೊದಲು ಸಿಗುವವನು ತುಕ್ರಪ್ಪ. ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್ ಮುಗಿಸಿ, ಮಿಂದು, ಬಿಳಿ ಅಂಗಿ ತೊಟ್ಟು, ಕುತ್ತಿಗೆಗೆ ವಿಶಿಲ್ ನೇತುಹಾಕಿ ಹಾಜರಾಗುತ್ತಾನೆ. ಯಾರೂ ಕರೆದಿರುವುದಿಲ್ಲ, ಸಂಬಳದ ಮಾತೇ ಇಲ್ಲ. ಆದರೆ ಅವನು “ಬರ್ಲಿ, ಬರ್ಲಿ... ಹಾಂ, ಸಾಕು!” ಎಂದರೆ ಎಂಥ ಕಾರಿನವನೂ ಕೇಳಬೇಕು. ದುಬೈಯಿಂದ ಬಂದವನೊಬ್ಬ ಕೇಳದೆ ರಿವರ್ಸ್ ತೆಗೆದು, ಸೀದಾ ಪಾಯಸದ ಒಲೆಯ ಪಕ್ಕ ಹೋಗಿ ನಿಂತದ್ದನ್ನು ಊರಿನವರು ಇನ್ನೂ ಹೇಳಿ ನಗುತ್ತಾರೆ.

ಮೊನ್ನೆ ಒಂದು ಮದುವೆಯಲ್ಲಿ ಬಿಸಿಲಿಗೆ ತಲೆ ತಿರುಗಿ ಯಾರದೋ ಕಾರಿನ ಬಾನೆಟ್ಟಿನ ಮೇಲೆ ಕೂತುಬಿಟ್ಟ. ಅಷ್ಟೇ ಸಾಕಾಯಿತು. ಹೆಂಡತಿ ಕಾವೇರಮ್ಮ ವಿಶಿಲ್ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಬಿ.ಪಿ. ಸರಿ ಉಂಟು ಅಂತ ಗೊತ್ತಾಗಲಿ, ಕೊಡ್ತೇನೆ. ಇಲ್ಲದಿದ್ದರೆ ಇದು ಬಾವಿಗೆ.”

ಆಗಲೇ ಪಂಚಾಯತಿನ ಗೋಡೆಯಲ್ಲಿ ಒಂದು ನೋಟೀಸು ಬಂದಿತ್ತು. ಯಾವುದೋ ವಿಶ್ವವಿದ್ಯಾಲಯದವರು ಹಳ್ಳಿಯವರ ಆರೋಗ್ಯ, ನೆಮ್ಮದಿಯ ಬಗ್ಗೆ ಸಂಶೋಧನೆ ಮಾಡುತ್ತಾರಂತೆ, ಬಿ.ಪಿ.ಯನ್ನೂ ನೋಡುತ್ತಾರಂತೆ. ಮನಸ್ಸಿರುವ ವಯಸ್ಸಾದ ಗಂಡ ಹೆಂಡತಿ ಜೋಡಿಯಾಗಿ ಬರಬೇಕಂತೆ. ಕಾವೇರಮ್ಮ ಇಬ್ಬರ ಹೆಸರನ್ನೂ ಕೊಟ್ಟು ಬಂದಳು.

ಪರೀಕ್ಷೆಯ ದಿನದವರೆಗೆ ತುಕ್ರಪ್ಪ ಮನೆಯಲ್ಲೇ ಇದ್ದ. ಇದ್ದ ಎಂದರೆ, ಅಯ್ಯೋ, ಎಂಥ ಇರುವಿಕೆ! ಹಸುವನ್ನು ಹಟ್ಟಿಗೆ ರಿವರ್ಸ್‌ನಲ್ಲಿ ಹೊಗಿಸಿದ. ಗ್ಯಾಸ್ ಸಿಲಿಂಡರನ್ನು ಮೂಲೆಗೆ ಪಾರ್ಕ್ ಮಾಡಿಸಿದ. ಕಾವೇರಮ್ಮ ದೋಸೆ ಮಗುಚುವಾಗ ಹಿಂದೆ ನಿಂತು, “ಎಡಕ್ಕೆ, ಇನ್ನೂ ಎಡಕ್ಕೆ ಮಾರಾಯ್ತಿ, ಅಂಚಿಗೆ ತಾಗ್ತದೆ!” ಎಂದು ಕೈ ಆಡಿಸಿದ. ಅವಳು ಹಲ್ಲು ಕಚ್ಚಿಕೊಂಡು ದೋಸೆಯನ್ನು ಬಲಕ್ಕೇ ಮಗುಚಿದಳು.

ಪಂಚಾಯತ್ ಹಾಲಿನಲ್ಲಿ ಸಂಶೋಧನೆಯ ಹುಡುಗಿ ಮೋಕ್ಷಿತಾ ಅವನನ್ನು ಕಿಟಕಿಯ ಬಳಿ ಕೂರಿಸಿ ತೋಳಿಗೆ ಬಿ.ಪಿ. ಮೆಷಿನಿನ ಪಟ್ಟಿ ಕಟ್ಟಿದಳು. “ಅಜ್ಜ, ಸ್ವಲ್ಪ ಹೊತ್ತು ಆರಾಮಾಗಿ ಕೂತುಕೊಳ್ಳಿ.”

ಆರಾಮ ಎಲ್ಲಿಂದ ಬರಬೇಕು? ಹೊರಗೆ ಊರಿನ ಮುನವ್ವರ್ ತನ್ನ ಪಿಕಪ್ಪನ್ನು ಎರಡು ಕಾರುಗಳ ನಡುವೆ ಅಡ್ಡಡ್ಡ ತೂರಿಸುತ್ತಿದ್ದ. ತುಕ್ರಪ್ಪನ ಬಿ.ಪಿ. ಏರಿತು. ಮೋಕ್ಷಿತಾ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು. ಈಗ ಪಿಕಪ್ ಕಾಣಲಿಲ್ಲ, ಅದರ ರಿವರ್ಸಿನ ಕೀಂ ಕೀಂ ಮಾತ್ರ ಕೇಳಿಸಿತು. ಬಿ.ಪಿ. ಇನ್ನೂ ಏರಿತು.

ಕಾವೇರಮ್ಮನ ಕೈ ಸೆರಗಿನ ಗಂಟಿಗೆ ಹೋದದ್ದನ್ನು ತುಕ್ರಪ್ಪ ಕಂಡ. ವಿಶಿಲ್ ಹೋದರೆ ಮದುವೆಮನೆಯಲ್ಲಿ ತಾನು ಯಾರು? ಊಟಕ್ಕೆ ಕಾಯುವ ಇನ್ನೊಬ್ಬ ಮುದುಕ, ಅಷ್ಟೇ. “ತುಕ್ರಪ್ಪಣ್ಣ, ಎಲ್ಲಿ ನಿಲ್ಲಿಸುವುದು?” ಎಂದು ಕೇಳುವವರೇ ಇರುವುದಿಲ್ಲ. ಅವನಿಗೆ ಅಳು ಬಂದ ಹಾಗಾಯಿತು.

ಅಷ್ಟರಲ್ಲಿ ಹೊರಗಿಂದ “ಓಯ್, ತಾಗ್ತದೆ!” ಎಂದು ಯಾರೋ ಕೂಗಿದರು. ತಗೊಳ್ಳಿ, ತುಕ್ರಪ್ಪ ಎದ್ದು ಓಡಿದ. ತೋಳಿನ ಪಟ್ಟಿ ಅವನೊಂದಿಗೆ ಓಡಿತು, ಪಟ್ಟಿಯ ಟ್ಯೂಬಿನ ಜೊತೆ ಮೆಷಿನ್ ಓಡಿತು, ಮೆಷಿನನ್ನು ಎದೆಗವಚಿಕೊಂಡು ಮೋಕ್ಷಿತಾಳೂ ಓಡಿದಳು.

“ನಿಲ್ಲು ಮಾರಾಯ! ಮುಂದೆ ತಗೋ. ಬಲಕ್ಕೆ ತಿರುಗಿಸು. ಈಗ ಬರ್ಲಿ, ಬರ್ಲಿ... ಹಾಂ, ಸಾಕು!”

ಪಿಕಪ್ ಅಚ್ಚುಕಟ್ಟಾಗಿ ನಿಂತಿತು. ತುಕ್ರಪ್ಪ ನಿಟ್ಟುಸಿರು ಬಿಟ್ಟ. ಮೋಕ್ಷಿತಾ ನಿಂತಲ್ಲೇ ಮೆಷಿನಿನ ಗುಂಡಿ ಒತ್ತಿ ಕಣ್ಣರಳಿಸಿದಳು. “ಇಳಿದಿದೆ ಅಜ್ಜ! ಆದರೆ ನಿಯಮದ ಪ್ರಕಾರ ಕೂತು ತೆಗೆದದ್ದೇ ಲೆಕ್ಕಕ್ಕೆ.”

“ಹಾಗಾದರೆ ಬಾವಿಗೇ,” ಎಂದಳು ಕಾವೇರಮ್ಮ.

ಈಗ ಅವಳ ಸರದಿ. ಒಳಗೆ ಬಂದು ಠೀವಿಯಿಂದ ಕೂತಳು. ತುಕ್ರಪ್ಪ ಅಭ್ಯಾಸಬಲದಿಂದ ಪಕ್ಕದಲ್ಲಿ ನಿಂತ. “ಕೈ ಸ್ವಲ್ಪ ಮೇಲೆ. ಇನ್ನೂ ಸ್ವಲ್ಪ. ಬಲಕ್ಕೆ...”

ಅವಳ ಬಿ.ಪಿ. ಗಂಡನದಕ್ಕಿಂತಲೂ ಮೇಲೆ ಹೋಗಿ ಕೂತಿತು!

“ಅಜ್ಜೀ, ಮನೆಯಲ್ಲಿ ಎಂತಾದರೂ ಟೆನ್ಶನ್ ಉಂಟಾ?” ಮೋಕ್ಷಿತಾ ಮೆಲ್ಲನೆ ಕೇಳಿದಳು.

“ಉಂಟು. ಇಲ್ಲೇ ನಿಂತಿದೆ.”

ಮೋಕ್ಷಿತಾ ಅಜ್ಜನನ್ನು ಹೊರಗೆ ಕಳಿಸಿ ಇನ್ನೊಮ್ಮೆ ನೋಡಿದಳು. ಅಜ್ಜಿಯದು ಚೆಂದಕ್ಕೆ ಇಳಿದಿತ್ತು. ಯಾವುದಕ್ಕೂ ಇಬ್ಬರೂ ಒಮ್ಮೆ ಡಾಕ್ಟರನ್ನು ಕಾಣಬೇಕೆಂದು ಬರೆದುಕೊಟ್ಟಳು.

ಕಾವೇರಮ್ಮ ಕಿಟಕಿಯಿಂದ ನೋಡಿದಳು. ಖಾಲಿ ಅಂಗಳದಲ್ಲಿ ತುಕ್ರಪ್ಪ ಒಂದು ಕೈ ಎತ್ತಿ ನಿಂತಿದ್ದ. ಬರುವ ವಾಹನ ಒಂದೂ ಇರಲಿಲ್ಲ. ಅವಳಿಗೆ ಪಾಪ ಅನ್ನಿಸಿತು. ಹೊರಗೆ ಹೋಗಿ, ಸೆರಗಿನ ಗಂಟು ಬಿಚ್ಚಿ, ವಿಶಿಲನ್ನು ಅವನ ಕುತ್ತಿಗೆಗೆ ಹಾಕಿದಳು.

“ನಾಳೆ ಎಲ್ಲಿ ಮದುವೆ ಉಂಟು?”

“ಮಾಣಿಯಲ್ಲಿ,” ಎಂದ ತುಕ್ರಪ್ಪ, ನಂಬಲಾಗದೆ.

“ಹೋಗಿ. ಟೊಪ್ಪಿ ಹಾಕಿಕೊಳ್ಳಿ, ನೆರಳಲ್ಲಿ ನಿಲ್ಲಿ. ನಾಡಿದ್ದು?”

“ನಾಡಿದ್ದು ಎಲ್ಲಿಯೂ ಇಲ್ಲ. ಮನೆಯಲ್ಲೇ.”

ಕಾವೇರಮ್ಮ ಗಕ್ಕನೆ ಹಾಲಿನಲ್ಲಿದ್ದ ಮೋಕ್ಷಿತಾಳ ಕಡೆಗೆ ತಿರುಗಿದಳು.

“ಮಗಾ, ನಾಡಿದ್ದು ನಿಮ್ಮ ಕ್ಯಾಂಪು ಎಲ್ಲಿ? ಅಲ್ಲಿಗೆ ವಾಹನ ತುಂಬಾ ಬರ್ತದಾ?”